ಹಬ್ಶಿಕೋಟ ಮತ್ತು ಆಫ್ರಿಕಾದ ನಕ್ಷೆ

ಔರಾದದಿಂದ ಶಾಲಾ ಪ್ರವಾಸಕ್ಕೆ ಬೀದರಕ್ಕೆ ಹೋದಾಗ ಕೋಟೆ, ಮಹಮೂದ್ ಗವಾನನ ಮದರಸಾ ನೋಡಿದೆವು, ಹಬ್ಶಿಕೋಟ ನೋಡಲಿಲ್ಲ. ‘ಹಬ್ಶಿ’ ಎಂಬುದು ಕಪ್ಪಗಿದ್ದ ಗೆಳೆಯನನ್ನು ನಾನು ಚುಡಾಯಿಸುವ ಮಾತಾಗಿತ್ತು.

ಇಂಜಿನಿಯರ್ ಆದ ಮೇಲೆ ಆಫ್ರಿಕಾದ ಹಳೆಯ ನಕ್ಷೆಗಳ ಪ್ರತಿಗಳನ್ನು ಕೂಡಿಸತೊಡಗಿದೆ. 1570ರಲ್ಲಿ ಆಂಟ್‌ವರ್ಪಿನಲ್ಲಿ ಹೊರಬಂದ ಆರ್ಟೀಲಿಯಸನ ಅಟ್ಲಾಸಿನ ಹಾಳೆಯ ಪ್ರತಿಯೂ ನನ್ನಲ್ಲಿದೆ. ಅದರಲ್ಲಿರುವ ಇಥಿಯೋಪಿಯಾದ ಕಡೆಯ ನಾಡನ್ನು ಅರಬರು ‘ಹಬಶ್’ ಎನ್ನುತ್ತಿದ್ದರು; ಅಲ್ಲಿಯವರೇ ಹಬ್ಶಿಗಳು. ಗುಲಾಮರಾಗಿ ಕಡಲು ದಾಟಿ ಬಂದವರಲ್ಲಿ ಕೆಲವರು ಬಹಮನಿ ದರ್ಬಾರಿನಲ್ಲಿ ಸರದಾರರಾದರು. ದಸ್ತೂರ್ ದಿನಾರ್ ಕಲಬುರಗಿ ಸೀಮೆಯ ಅಧಿಕಾರಿಯಾಗಿದ್ದ. ಹಬ್ಶಿಕೋಟದ ಗುಡ್ಡದ ಮೇಲೆ ಹಬ್ಶಿ ಸರದಾರರ ಗೋರಿಗಳಿವೆ.

ಆ ಗೆಳೆಯ ಈಗ ಭಾಲ್ಕಿಯಲ್ಲಿದ್ದಾನೆ. ಹೋದ ದಸರೆಗೆ ನಕ್ಷೆ ತೋರಿಸಿ ತಪ್ಪೊಪ್ಪಿಕೊಂಡೆ. ಅವನು ನಕ್ಕು, “ನಮ್ಮ ಸಾಲಿ ಹುಡುಗ್ರಿಗೂ ಹೇಳು” ಅಂದ. ಅದಕ್ಕೇ ಈ ಬರಹ. ನಕ್ಷೆಯ ಒಂದು ಪ್ರತಿಯನ್ನು ಶಾಲೆಗೆ ಕೊಟ್ಟಿದ್ದೇನೆ.