ಚಹಾದಂಗಡಿಯಿಂದ ಆಡಳಿತ ಮಂಡಳಿಯವರೆಗೆ: ಲಿಯೋ ಕಂಪ್ಯೂಟರ್ ಮತ್ತು ನಿರ್ವಹಣೆಯ ಮೂರು ಹಂತಗಳು

ನಿರ್ವಹಣಾಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಒಂದು ತ್ರಿಕೋನ ತಪ್ಪದೆ ಕಾಣಿಸಿಕೊಳ್ಳುತ್ತದೆ. ತಳದಲ್ಲಿ ದಿನದ ವಹಿವಾಟು ದಾಖಲಿಸುವ ವ್ಯವಸ್ಥೆ, ನಡುವೆ ವ್ಯವಸ್ಥಾಪಕರಿಗೆ ವರದಿ ಒದಗಿಸುವ ವ್ಯವಸ್ಥೆ, ತುದಿಯಲ್ಲಿ ಆಡಳಿತ ಮಂಡಳಿಯ ನಿರ್ಧಾರಗಳಿಗೆ ನೆರವಾಗುವ ವ್ಯವಸ್ಥೆ. ಕೆಳಗಿನ ಮಾಹಿತಿಯನ್ನೇ ಸೋಸುತ್ತಾ ಹೋದರೆ ತುದಿಗೆ ಬೇಕಾದದ್ದು ತಾನಾಗಿ ದೊರೆಯುತ್ತದೆ ಎಂಬ ನಂಬಿಕೆಯನ್ನು ಈ ಚಿತ್ರ ಓದುಗರಲ್ಲಿ ಮೂಡಿಸುತ್ತದೆ. ವ್ಯಾಪಾರದ ಕೆಲಸಕ್ಕೆಂದೇ ಕಟ್ಟಿದ ಮೊದಲ ಕಂಪ್ಯೂಟರಾದ ಲಿಯೋದ ಚರಿತ್ರೆ ಈ ನಂಬಿಕೆಯನ್ನು ಅರ್ಧ ಮಾತ್ರ ಸಮರ್ಥಿಸುತ್ತದೆ. ಕೆಳಗಿನ ಎರಡು ಹಂತಗಳು ಒಂದೇ ಮಾಹಿತಿಯ ಮೇಲೆ ನಡೆಯಬಲ್ಲವು; ಮೂರನೆಯದಕ್ಕೆ ಅದು ಸಾಲದು ಎಂಬುದು ಈ ಲೇಖನದ ವಾದ.

ಹಂತಗಳ ಪ್ರಶ್ನೆ ಕಂಪ್ಯೂಟರಿಗಿಂತ ಹಳೆಯದು. 1850ರ ದಶಕದಲ್ಲಿ ಅಮೆರಿಕದ ಈರೀ ರೈಲು ಮಾರ್ಗ ಸುಮಾರು 500 ಮೈಲಿ ಬೆಳೆದಿತ್ತು. ಅದರ ಮೇಲ್ವಿಚಾರಕ ಡೇನಿಯಲ್ ಮೆಕಾಲಮ್ ಒಂದು ಸರಳ ಸಂಗತಿಯನ್ನು ಗುರುತಿಸಿದ: 50 ಮೈಲಿಯ ಮಾರ್ಗವನ್ನು ಒಬ್ಬ ಅಧಿಕಾರಿ ಕಣ್ಣಾರೆ ನೋಡಿ ನಡೆಸಬಹುದು, 500 ಮೈಲಿಯದನ್ನು ನಡೆಸಲು ವರದಿಗಳು ಬೇಕು. ರೈಲುಗಳು ಎಲ್ಲಿವೆ ಎಂಬುದು ಗಂಟೆಗೊಮ್ಮೆ ತಂತಿಯಲ್ಲಿ ಬರುವಂತೆ ಆತ ಏರ್ಪಡಿಸಿದ. ದಿನದ ವರದಿ, ತಿಂಗಳ ವರದಿ ಬೇರೆಯೇ ಇದ್ದವು. 1855ರಲ್ಲಿ ಆತ ಮಾಡಿಸಿದ ಆಡಳಿತ ನಕ್ಷೆ ಮರದ ಆಕಾರದಲ್ಲಿದೆ. ಅದರಲ್ಲಿ ನಿರ್ದೇಶಕ ಮಂಡಳಿ ಇರುವುದು ಬುಡದಲ್ಲಿ. ನಿಲ್ದಾಣಗಳು, ಸಿಬ್ಬಂದಿ ರೆಂಬೆಕೊಂಬೆಗಳಲ್ಲಿ ಹರಡಿಕೊಂಡಿದ್ದಾರೆ. ಮಾಹಿತಿ ಹುಟ್ಟುವುದು ಎಲೆಗಳಲ್ಲಿ ಎಂಬ ಅರಿವು ಆ ನಕ್ಷೆಯಲ್ಲಿದೆ ಎಂದೇ ನನಗನ್ನಿಸುತ್ತದೆ.

ಒಂದು ಶತಮಾನದ ನಂತರ ಇದೇ ಪ್ರಶ್ನೆ ಲಂಡನ್ನಿನ ಜೆ. ಲಯನ್ಸ್ ಕಂಪನಿಗೆ ಎದುರಾಯಿತು. 1894ರಲ್ಲಿ ಪಿಕಡಿಲಿಯಲ್ಲಿ ಮೊದಲ ಚಹಾದಂಗಡಿ ತೆರೆದ ಈ ಸಂಸ್ಥೆ ಬ್ರೆಡ್ಡು, ಕೇಕು, ಐಸ್‌ಕ್ರೀಮು, ಚಹಾ ಎಲ್ಲವನ್ನೂ ತಾನೇ ತಯಾರಿಸಿ ಹಂಚುತ್ತಿತ್ತು. ಒಂದೊಂದು ಮಾರಾಟದಲ್ಲಿ ಉಳಿಯುತ್ತಿದ್ದುದು ಕೆಲವೇ ಕಾಸು. ಆ ಕಾಸನ್ನು ಲೆಕ್ಕವಿಡಲು ಗುಮಾಸ್ತರ ದೊಡ್ಡ ಪಡೆಯೇ ಬೇಕಿತ್ತು. 1923ರಲ್ಲಿ ಕೆಲಸಕ್ಕೆ ಸೇರಿದ, ಕೇಂಬ್ರಿಜ್‌ನಲ್ಲಿ ಗಣಿತ ಓದಿದ್ದ ಜಾನ್ ಸಿಮನ್ಸ್ ಕಚೇರಿ ಕೆಲಸದ ವಿಧಾನಗಳನ್ನು ಅಧ್ಯಯನ ಮಾಡಲು ಒಂದು ಪ್ರತ್ಯೇಕ ವಿಭಾಗವನ್ನೇ ಬೆಳೆಸಿದರು. ಆ ವಾತಾವರಣದಿಂದ ಬಂದ ಟಿ. ಆರ್. ಥಾಂಪ್ಸನ್ ಮತ್ತು ಆಲಿವರ್ ಸ್ಟ್ಯಾಂಡಿಂಗ್‌ಫರ್ಡ್ 1947ರಲ್ಲಿ ಅಮೆರಿಕಕ್ಕೆ ಹೋಗಿ ಹೊಸ ಎಲೆಕ್ಟ್ರಾನಿಕ್ ಗಣಕಗಳ ಬಗ್ಗೆ ವಿಚಾರಿಸಿದರು. ಪ್ರಿನ್ಸ್‌ಟನ್‌ನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಅವರಿಗೆ ತಿಳಿಸಿದ್ದು ಅವರ ಊರಿನ ಪಕ್ಕದ ಸುದ್ದಿಯನ್ನೇ: ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಎಡ್ಸಾಕ್ ಎಂಬ ಯಂತ್ರವನ್ನು ಕಟ್ಟುತ್ತಿದ್ದಾರೆ. ಲಯನ್ಸ್ ಆ ಯೋಜನೆಗೆ ಹಣ ಕೊಟ್ಟಿತು, ತನ್ನ ತಂತ್ರಜ್ಞನೊಬ್ಬನನ್ನು ಕಳುಹಿಸಿತು. 1949ರ ಮೇ ತಿಂಗಳಲ್ಲಿ ಎಡ್ಸಾಕ್ ಕೆಲಸ ಮಾಡಿದ ಮೇಲೆ ಜಾನ್ ಪಿಂಕರ್ಟನ್ ಅವರ ಎಂಜಿನಿಯರಿಂಗ್ ನೇತೃತ್ವದಲ್ಲಿ ತನ್ನದೇ ಯಂತ್ರವನ್ನು ಹ್ಯಾಮರ್‌ಸ್ಮಿತ್‌ನ ಕ್ಯಾಡ್ಬಿ ಹಾಲ್‌ನಲ್ಲಿ ಕಟ್ಟಿಸಿತು. ಅದೇ ಲಿಯೋ.

1951ರ ನವೆಂಬರ್‌ನಲ್ಲಿ ಲಿಯೋ ವಹಿಸಿಕೊಂಡ ಮೊದಲ ನಿಯತ ಕೆಲಸ ಬೇಕರಿಯ ಉತ್ಪನ್ನಗಳ ವಾರದ ಮೌಲ್ಯ ಲೆಕ್ಕ. ಸಂಬಳದ ಪಟ್ಟಿ 1954ರಲ್ಲಿ ಬಂತು. ಅನುಭವಿ ಗುಮಾಸ್ತನಿಗೆ ಎಂಟು ನಿಮಿಷ ಹಿಡಿಯುತ್ತಿದ್ದ ಒಬ್ಬ ನೌಕರನ ಲೆಕ್ಕವನ್ನು ಯಂತ್ರ ಒಂದೂವರೆ ಸೆಕೆಂಡಿನಲ್ಲಿ ಮುಗಿಸುತ್ತಿತ್ತು. ಇತಿಹಾಸ ಬರೆದವರು ಈ ವೇಗವನ್ನು ಮೆಚ್ಚಿ ಬರೆದಿದ್ದಾರೆ. ಆದರೆ ನಿರ್ವಹಣೆಯ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು ಅದೇ ವರ್ಷ ಆರಂಭವಾದ ಚಹಾದಂಗಡಿಗಳ ಬೇಡಿಕೆಯ ಕೆಲಸ. ಅದನ್ನು ಹತ್ತಿರದಿಂದ ನೋಡಬೇಕು.

ಮೊದಲು ಪ್ರತಿ ಅಂಗಡಿಯ ಮೇಲ್ವಿಚಾರಕಿ ಮರುದಿನಕ್ಕೆ ಬೇಕಾದ ತಿನಿಸುಗಳ ಉದ್ದನೆಯ ಪಟ್ಟಿಯನ್ನು ದಿನವೂ ಬರೆದು ಕಳುಹಿಸಬೇಕಿತ್ತು. ಲಿಯೋದ ಕೆಲಸಗಳನ್ನು ರೂಪಿಸುತ್ತಿದ್ದ ಡೇವಿಡ್ ಕ್ಯಾಮಿನರ್ ಅವರ ತಂಡ ಕಂಡುಕೊಂಡದ್ದು, ಆ ಪಟ್ಟಿಯ ಬಹುಪಾಲು ವಾರದಿಂದ ವಾರಕ್ಕೆ ಬದಲಾಗುವುದೇ ಇಲ್ಲ ಎಂಬುದು. ಆದ್ದರಿಂದ ಸೋಮವಾರಕ್ಕೊಂದು, ಮಂಗಳವಾರಕ್ಕೊಂದು ಎಂಬಂತೆ ಪ್ರತಿ ಅಂಗಡಿಗೂ ರೂಢಿಯ ಬೇಡಿಕೆಯೊಂದನ್ನು ಗೊತ್ತುಮಾಡಿದರು. ಕ್ಯಾಡ್ಬಿ ಹಾಲ್‌ನಿಂದ ನಿಗದಿತ ಹೊತ್ತಿಗೆ ಫೋನ್ ಬರುತ್ತಿತ್ತು. ಮೇಲ್ವಿಚಾರಕಿ ಹೇಳಬೇಕಾದದ್ದು ಬದಲಾವಣೆಯನ್ನು ಮಾತ್ರ. ಕಿವಿಗೆ ಫೋನ್ ಹಚ್ಚಿಕೊಂಡ ಹುಡುಗಿ ಕೇಳುತ್ತಲೇ ಕಾರ್ಡಿಗೆ ತೂತು ಹೊಡೆಯುತ್ತಿದ್ದಳು. ನಡುವೆ ಕಾಗದವಿಲ್ಲ, ನಕಲು ತೆಗೆಯುವವರಿಲ್ಲ. ಆ ಕಾರ್ಡುಗಳಿಂದ ಲಿಯೋ ಬೇಕರಿ, ಅಡುಗೆಮನೆಗಳು ಏನೆಷ್ಟು ತಯಾರಿಸಬೇಕು, ಯಾವ ಅಂಗಡಿಗೆ ಏನನ್ನು ಕಟ್ಟಿಡಬೇಕು, ವ್ಯಾನಿಗೆ ಹೇಗೆ ತುಂಬಬೇಕು ಎಂಬುದನ್ನೆಲ್ಲ ಲೆಕ್ಕಹಾಕಿ ಕೊಡುತ್ತಿತ್ತು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಒಂದು, ಅಂಗಡಿಯ ಮೇಲ್ವಿಚಾರಕಿಯ ವಿವೇಚನೆಗೆ ಯಂತ್ರ ಕೈ ಹಾಕಲಿಲ್ಲ. ನಾಳೆ ಮಳೆ ಬಂದೀತು, ಬೀದಿಯಲ್ಲಿ ಮೆರವಣಿಗೆ ಇದೆ ಎಂಬುದು ಅವಳಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಎರಡು, ರೂಢಿಯ ಬೇಡಿಕೆ ಮತ್ತು ಅದರಿಂದಾದ ಬದಲಾವಣೆ ಎರಡೂ ದಾಖಲಾಗುತ್ತಿದ್ದುದರಿಂದ ಮೇಲಿನ ವ್ಯವಸ್ಥಾಪಕರಿಗೆ ಬೇರೆ ಅಂಕಿಅಂಶ ಸಂಗ್ರಹದ ಅಗತ್ಯವೇ ಬೀಳಲಿಲ್ಲ. ಯಾವ ತಿನಿಸಿಗೆ ಬೇಡಿಕೆ ಇಳಿಯುತ್ತಿದೆ, ಯಾವ ಅಂಗಡಿ ಎಡವುತ್ತಿದೆ ಎಂಬುದನ್ನು ಅದೇ ಕಾರ್ಡುಗಳು ಹೇಳಬಲ್ಲವಾಗಿದ್ದವು. ತಳಮಟ್ಟದ ಕೆಲಸಕ್ಕೆ ಒಮ್ಮೆ ನಮೂದಾದ ಮಾಹಿತಿ ನಡುಹಂತಕ್ಕೂ ಊಟವಾಯಿತು. ಸಿಮನ್ಸ್ ಬಯಸಿದ್ದೂ ಇದನ್ನೇ. ಗುಮಾಸ್ತರ ಸಂಬಳ ಉಳಿಸುವುದಷ್ಟೇ ಅವರ ಗುರಿಯಾಗಿರಲಿಲ್ಲ. 1962ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಹೆಸರು ‘ಲಿಯೋ ಅಂಡ್ ದಿ ಮ್ಯಾನೇಜರ್ಸ್’.

ಸಿದ್ಧಾಂತ ಬಂದದ್ದು ಆಮೇಲೆ. ಹಾರ್ವರ್ಡಿನ ರಾಬರ್ಟ್ ಆಂಟನಿ 1965ರಲ್ಲಿ ನಿರ್ವಹಣೆಯನ್ನು ಕಾರ್ಯತಂತ್ರದ ಯೋಜನೆ, ನಿರ್ವಹಣಾ ನಿಯಂತ್ರಣ, ದೈನಂದಿನ ಕಾರ್ಯದ ನಿಯಂತ್ರಣ ಎಂದು ಮೂರಾಗಿ ವಿಂಗಡಿಸಿದರು. 1967ರಲ್ಲಿ ರಸೆಲ್ ಏಕಾಫ್, ವ್ಯವಸ್ಥಾಪಕರನ್ನು ಕಾಡುವುದು ಮಾಹಿತಿಯ ಕೊರತೆಗಿಂತ ಬೇಡದ ಮಾಹಿತಿಯ ಹೊರೆ ಎಂದು ವಾದಿಸಿದರು. 1971ರಲ್ಲಿ ಗೋರಿ ಮತ್ತು ಸ್ಕಾಟ್ ಮಾರ್ಟನ್, ಆಂಟನಿಯವರ ಹಂತಗಳ ಜೊತೆಗೆ ಹರ್ಬರ್ಟ್ ಸೈಮನ್ನರ ನಿರ್ಧಾರಗಳ ವರ್ಗೀಕರಣವನ್ನು ಸೇರಿಸಿ ಒಂದು ಚೌಕಟ್ಟು ಕೊಟ್ಟರು. ಅದರ ಪ್ರಕಾರ ದೈನಂದಿನ ನಿಯಂತ್ರಣಕ್ಕೆ ಬೇಕಾದ ಮಾಹಿತಿ ಸಂಸ್ಥೆಯ ಒಳಗಿನದು, ವಿವರವಾದದ್ದು, ಕರಾರುವಾಕ್ಕಾದದ್ದು. ಕಾರ್ಯತಂತ್ರಕ್ಕೆ ಬೇಕಾದದ್ದು ಬಹುಪಾಲು ಹೊರಗಿನದು, ಸ್ಥೂಲವಾದದ್ದು, ಭವಿಷ್ಯದ ಕಡೆ ನೋಡುವಂಥದ್ದು. ಹಾಗಾದರೆ ಒಂದೇ ದತ್ತಾಂಶ ಭಂಡಾರದಿಂದ ಎಲ್ಲ ಹಂತಗಳಿಗೂ ಉಣಬಡಿಸುತ್ತೇವೆ ಎಂಬ ಆ ಕಾಲದ ಉತ್ಸಾಹಕ್ಕೆ ಅಡಿಪಾಯವೇ ಸಡಿಲ. ಪಠ್ಯಪುಸ್ತಕದ ತ್ರಿಕೋನ ಮರೆಮಾಚುವುದು ಈ ಭೇದವನ್ನೇ.

ಲಯನ್ಸ್ ಕಂಪನಿಯ ಮುಂದಿನ ದಾರಿ ಈ ಭೇದವನ್ನು ಕಠೋರವಾಗಿ ತೋರಿಸಿತು. ಕಂಪ್ಯೂಟರ್ ತಯಾರಿಕೆಗೆಂದು 1954ರಲ್ಲಿ ಹುಟ್ಟುಹಾಕಿದ ಉಪಸಂಸ್ಥೆ 1963ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಜೊತೆ ವಿಲೀನವಾಯಿತು. 1968ರ ಹೊತ್ತಿಗೆ ಅದರ ಪರಂಪರೆ ಬ್ರಿಟನ್ನಿನ ಕಂಪ್ಯೂಟರ್ ಕಂಪನಿ ಐಸಿಎಲ್‌ನೊಳಗೆ ಸೇರಿಹೋಯಿತು. ಮೂಲ ಕಂಪನಿ 1970ರ ದಶಕದಲ್ಲಿ ವಿದೇಶಿ ಕರೆನ್ಸಿಗಳಲ್ಲಿ ಸಾಲ ಎತ್ತಿ ಹೊರದೇಶದ ಉದ್ಯಮಗಳನ್ನು ಕೊಂಡಿತು. ತೈಲ ಬಿಕ್ಕಟ್ಟು ಬಂತು, 1976ರಲ್ಲಿ ಪೌಂಡ್ ಕುಸಿಯಿತು, ಪೌಂಡಿನ ಲೆಕ್ಕದಲ್ಲಿ ಸಾಲ ಉಬ್ಬಿತು. 1978ರಲ್ಲಿ ಅಲೈಡ್ ಬ್ರೂವರೀಸ್ ಅದನ್ನು ಕೊಂಡುಕೊಂಡಿತು. ಒಂದೊಂದು ಅಂಗಡಿಯ ನಾಳೆಯ ಬೇಡಿಕೆಯನ್ನು ಹಿಂದಿನ ಮಧ್ಯಾಹ್ನವೇ ಅರಿತಿದ್ದ ಸಂಸ್ಥೆ ಅದು. ಅದನ್ನು ಮುಳುಗಿಸಿದ ಅಂಕಿಗಳು ಯಾವ ಅಂಗಡಿಯಿಂದಲೂ ಹೊರಟವಲ್ಲ, ಕ್ಯಾಡ್ಬಿ ಹಾಲ್‌ನ ಯಾವ ಕಾರ್ಡಿನಲ್ಲೂ ಅವಕ್ಕೆ ಜಾಗವಿರಲಿಲ್ಲ. ಅವು ದಿನಪತ್ರಿಕೆಗಳ ವಿನಿಮಯ ದರದ ಅಂಕಣದಲ್ಲಿ ಪ್ರತಿದಿನ ಅಚ್ಚಾಗುತ್ತಿದ್ದವು.