ಹಳೇ ಬೀರ್ ಬಾಟಲಿಯ ಎರಡು ಕೋಟಿ ಕಥೆ

ಇವತ್ತು ಬೆಳೆ ವಿಷಯ ಬಿಟ್ಟು ಬಾಟಲಿ ವಿಷಯ ಬರೀತಿದ್ದೀನಿ. ಕುಡಿಯೋ ವಿಷಯ ಅಲ್ಲ, ಇತಿಹಾಸದ ವಿಷಯ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಹೋದ ವಾರ ಪಕ್ಕದ ತೋಟದ ಹುಡುಗ ಹಳೇ ಬಾವಿ ಹೂಳು ತೆಗೆಸುವಾಗ ಕಂದು ಗಾಜಿನ ಒಂದು ಖಾಲಿ ಬೀರ್ ಬಾಟಲಿ ಸಿಕ್ತು. ಫೋಟೋ ತೆಗೆದು ಫೋನಲ್ಲಿ ಹಾಕಿದ. ಮಾರನೇ ದಿನವೇ ಯಾರೋ ಕರೆ ಮಾಡಿ, ‘ಇಂಥ ಹಳೇ ಬೀರ್ ಬಾಟಲಿ ಅಮೆರಿಕದಲ್ಲಿ ಎರಡು ಕೋಟಿಗೆ ಹೋಗಿದೆ, ನಿಮ್ಮದಕ್ಕೂ ಗಿರಾಕಿ ಇದ್ದಾರೆ, ಮೊದಲು ನೋಂದಣಿಗೆ 8,500 ರೂಪಾಯಿ ಕಳಿಸಿ’ ಅಂದರಂತೆ. ಹುಡುಗ ಕೊಬ್ಬರಿ ಮಾರಿದ ದುಡ್ಡು ಕಳಿಸೋಕೆ ತಯಾರು. ‘ಮಾವ, ಒಂದ್ಸಲ ನೋಡಿ’ ಅಂತ ನನ್ನ ಹತ್ರ ಬಂದಿದ್ದೇ ಪುಣ್ಯ.

ಆ ಎರಡು ಕೋಟಿ ಕಥೆ ಪೂರ್ತಿ ಹುಟ್ಟಿಸಿಕೊಂಡದ್ದಲ್ಲ. ಅದರ ಬುಡ ಎಲ್ಲಿದೆ ಅಂತ ಹೇಳ್ತೀನಿ.

1845ರಲ್ಲಿ ಇಂಗ್ಲೆಂಡಿನಿಂದ ಸರ್ ಜಾನ್ ಫ್ರಾಂಕ್ಲಿನ್ ಎಂಬ ನಾವಿಕ ಎರಡು ಹಡಗು ತಗೊಂಡು ಉತ್ತರ ಧ್ರುವದ ಕಡೆ ಹೊಸ ಜಲಮಾರ್ಗ ಹುಡುಕೋಕೆ ಹೋದ. ಹೋದವರು 129 ಜನ, ಒಬ್ಬರೂ ವಾಪಸ್ ಬರಲಿಲ್ಲ. ಅವರನ್ನು ಹುಡುಕೋಕೆ 1852ರಲ್ಲಿ ಸರ್ ಎಡ್ವರ್ಡ್ ಬೆಲ್ಚರ್ ಐದು ಹಡಗುಗಳೊಂದಿಗೆ ಹೊರಟ. ಆ ಪಯಣಕ್ಕೆ ಅಂತಲೇ ಬರ್ಟನ್ ಊರಿನ ಆಲ್ಸಾಪ್ ಕಂಪನಿ ಒಂದು ವಿಶೇಷ ಬೀರ್ ತಯಾರಿಸಿತು. ಹೆಸರು ಆರ್ಕ್ಟಿಕ್ ಏಲ್. ಬಾರ್ಲಿ ಮಾಲ್ಟನ್ನು ಧಾರಾಳವಾಗಿ ಹಾಕಿ ಮಾಡಿದ, ಮಾಮೂಲಿ ಬೀರಿಗಿಂತ ಬಹಳ ಗಟ್ಟಿಯಾದ ಮಾಲು. ಅಮಲಿನ ಅಂಶ ಹೆಚ್ಚಿದ್ದರಿಂದ ಆ ಚಳಿಯಲ್ಲೂ ಬೇಗ ಹೆಪ್ಪುಗಟ್ಟುತ್ತಿರಲಿಲ್ಲ. ಒಸಡಲ್ಲಿ ರಕ್ತ ಬರೋ ಸ್ಕರ್ವಿ ರೋಗ ತಡೆಯುತ್ತೆ ಅಂತಲೂ ಆಗ ನಂಬಿದ್ದರು. ಬೆಲ್ಚರ್ ಮಾತ್ರ ಫ್ರಾಂಕ್ಲಿನ್‌ನನ್ನು ಪತ್ತೆ ಮಾಡಲಿಲ್ಲ. 1854ರಲ್ಲಿ ತನ್ನ ನಾಲ್ಕು ಹಡಗನ್ನೇ ಮಂಜಿನಲ್ಲಿ ಬಿಟ್ಟು ಬಂದ.

ಈ ಬೀರಿನ ಒಂದು ತುಂಬಿದ ಬಾಟಲಿ 2007ರಲ್ಲಿ ಇಬೇ ಎಂಬ ಆನ್‌ಲೈನ್ ಹರಾಜಿಗೆ ಬಂತು. ಜೊತೆಗೆ 1919ರ ಕೈಬರಹದ ಚೀಟಿಯೂ ಇತ್ತು. ಮಾರಿದವರು ಆಲ್ಸಾಪ್ ಹೆಸರಲ್ಲಿ ಎರಡು ‘ಪಿ’ ಬರೆಯೋ ಕಡೆ ಒಂದೇ ಬರೆದಿದ್ದರು. ಹುಡುಕುವವರ ಕಣ್ಣಿಗೆ ಬೀಳಲಿಲ್ಲ, 304 ಡಾಲರಿಗೆ ಹೋಯ್ತು. ಆಗಿನ ಲೆಕ್ಕಕ್ಕೆ ಸುಮಾರು 12 ಸಾವಿರ ರೂಪಾಯಿ. ಕೊಂಡವರು ಹೆಸರು ಸರಿಯಾಗಿ ಬರೆದು ಮತ್ತೆ ಹರಾಜಿಗಿಟ್ಟರು. ಕೂಗು ಏರಿ ಏರಿ 5,03,300 ಡಾಲರ್ ತಲುಪಿತು, ಅಂದರೆ ಎರಡು ಕೋಟಿ ರೂಪಾಯಿ. ಸುದ್ದಿ ಲೋಕವೆಲ್ಲ ಹಬ್ಬಿತು. ಆದರೆ ಆ ವ್ಯಾಪಾರ ಮುಗಿಯಲೇ ಇಲ್ಲ! ಕೂಗಿದವರು ದುಡ್ಡು ಕೊಡಲಿಲ್ಲ. ಸುದ್ದಿ ಉಳೀತು, ದುಡ್ಡು ಬರಲಿಲ್ಲ.

ಹಾಗಾದರೆ ನಿಜವಾದ ಬೆಲೆ ಎಷ್ಟು? 1875ರ ಇನ್ನೊಂದು ಧ್ರುವ ಪಯಣಕ್ಕೆ ತಯಾರಿಸಿದ ಅದೇ ಬೀರಿನ ತುಂಬಿದ ಬಾಟಲಿ ಇಂಗ್ಲೆಂಡಿನಲ್ಲಿ ಒಬ್ಬರ ಮನೆ ಗ್ಯಾರೇಜಿನಲ್ಲಿ ಸಿಕ್ಕಿ, 2015ರಲ್ಲಿ 3,300 ಪೌಂಡಿಗೆ ಹೋಯ್ತು. ಸುಮಾರು ಮೂರು ಕಾಲು ಲಕ್ಷ. ಇದು ಕೈಗೆ ಬಂದ ದುಡ್ಡು. ನಮ್ಮ ಮಾರುಕಟ್ಟೆಯಲ್ಲಿ ಬೋರ್ಡಿನ ಗರಿಷ್ಠ ದರ ನೋಡಿ ಮನೇಲಿ ಲೆಕ್ಕ ಹಾಕಿಕೊಂಡು ಹೋದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಹಳೇದಾದ ಮಾತ್ರಕ್ಕೆ ಬೆಲೆ ಬರಲ್ಲ. ಬಾಟಲಿ ತೆರೆದಿರಬಾರದು. ಬಿರಡೆ ಗಟ್ಟಿ ಇರಬೇಕು. ಒಳಗಿನ ಬೀರ್ ಕತ್ತಿನ ಮಟ್ಟದಲ್ಲೇ ಇರಬೇಕು, ಇಳಿದಿದ್ದರೆ ಗಾಳಿ ಹೊಕ್ಕಿದೆ ಅಂತ ಅರ್ಥ. ಎಲ್ಲಿಂದ ಬಂತು ಅನ್ನೋದಕ್ಕೆ ದಾಖಲೆ ಬೇಕು. ಅಂಥವು ಎಷ್ಟು ಉಳಿದಿವೆ ಅನ್ನೋದೂ ಮುಖ್ಯ. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯೇ ಬರ್ಟನ್ನಿನ ಬ್ಯಾಸ್ ಕಂಪನಿಗೆ ಹೋಗಿ ಶುರುಮಾಡಿಕೊಟ್ಟ ‘ಕಿಂಗ್ಸ್ ಏಲ್’ ಇದೆ. ದೊರೆ ಕೈ ಮುಟ್ಟಿದ್ದೇ ಆದರೂ ಬಾಟಲಿಗಳು ಬೇಕಾದಷ್ಟು ಉಳಿದಿರೋದರಿಂದ ಕೋಟಿಯ ಮಾತೇ ಇಲ್ಲ.

ಆಮೇಲೆ ಹುಡುಗನ ಬಾಟಲಿ ತೊಳೆದು ನೋಡಿದೆವು. ಬಾಯಿಯ ಅಂಚು ತಗಡಿನ ಮುಚ್ಚಳ ಹಿಡಿಯೋ ಥರ ಇತ್ತು. ಆ ಮುಚ್ಚಳಕ್ಕೆ ವಿಲಿಯಂ ಪೇಂಟರ್ ಪೇಟೆಂಟ್ ಪಡೆದದ್ದೇ 1892ರಲ್ಲಿ. ಇನ್ನು ಗಾಜಿನ ಪಕ್ಕದಲ್ಲಿರೋ ಅಚ್ಚಿನ ಗೆರೆ ಉಗುರಲ್ಲಿ ಸವರಿದರೆ ಗೊತ್ತಾಗುತ್ತೆ. ಕೈಯಲ್ಲಿ ಬಾಯಿ ಕೂರಿಸಿದ ಹಳೇ ಬಾಟಲಿಯಲ್ಲಿ ಆ ಗೆರೆ ಕತ್ತಿನಲ್ಲೇ ನಿಲ್ಲುತ್ತೆ. ಯಂತ್ರದ್ದಾದರೆ ಬಾಯಿಯ ಅಂಚಿನ ತನಕ ಹೋಗುತ್ತೆ. ಪೂರ್ತಿ ಯಂತ್ರದಲ್ಲೇ ಬಾಟಲಿ ಮಾಡೋದನ್ನ ಅಮೆರಿಕದ ಮೈಕೆಲ್ ಓವೆನ್ಸ್ ಸಾಧಿಸಿದ್ದು 1903ರ ಹೊತ್ತಿಗೆ. ಇವನ ಬಾಟಲಿ ಗೆರೆ ಅಂಚಿನ ತನಕ ಹೋಗಿತ್ತು. ಅಲ್ಲಿಗೆ ಅದರ ಜಾತಕ ಗೊತ್ತಾಯ್ತು. ಹುಡುಗನ ಮುಖ ಸಪ್ಪಗಾಯ್ತು, ಆದರೆ 8,500 ರೂಪಾಯಿ ಉಳೀತು.

ಕೊನೇದಾಗಿ ನನಗೆ ಇಷ್ಟವಾದ ಸಂಗತಿ. ಕಲ್ಕತ್ತಾದಿಂದ ಆಸ್ಟ್ರೇಲಿಯಾಕ್ಕೆ ಹೊರಟ ‘ಸಿಡ್ನಿ ಕೋವ್’ ಹಡಗು 1797ರಲ್ಲಿ ಟಾಸ್ಮೇನಿಯಾ ಹತ್ತಿರ ಒಡೆದುಹೋಯ್ತು. ಸುಮಾರು 200 ವರ್ಷ ಆದಮೇಲೆ ಅದರಲ್ಲಿದ್ದ ಬಾಟಲಿಗಳನ್ನು ಮೇಲೆತ್ತಿದರು. ಒಳಗಿದ್ದ ಬೀರಿನಿಂದ ವಿಜ್ಞಾನಿಗಳು ಯೀಸ್ಟನ್ನು ಬೆಳೆಸಿದರು. ಅದರಿಂದ ಮತ್ತೆ ಬೀರ್ ಮಾಡಿ 2018ರಲ್ಲಿ ಮಾರಾಟಕ್ಕೂ ತಂದರು. ಹರಾಜಿನ ಕೂಗಿಗಿಂತ ಇದೇ ನನಗೆ ದೊಡ್ಡದು ಅನ್ನಿಸ್ತು. ಬೀಜ ಕಾಪಾಡಿ ಇಟ್ಟುಕೊಂಡವರಿಗೆ ಇದರ ಅರ್ಥ ಬೇಗ ಆಗುತ್ತೆ.

ಬಾಟಲಿ, ಹಳೇ ನಾಣ್ಯ, ಹಳೇ ನೋಟು ಏನೇ ಇರಲಿ, ಕೊಳ್ಳೋವ್ನು ದುಡ್ಡು ಕೊಡಬೇಕು, ಮಾರೋವ್ನಲ್ಲ. ಮುಂಗಡ ಕೇಳಿದರೆ ಫೋನ್ ಇಡಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ನಿಮಗೂ ಇಂಥ ಕರೆ ಬಂದಿದ್ದರೆ ಕೆಳಗೆ ಬರೀರಿ, ನಾಲ್ಕು ಜನಕ್ಕೆ ಗೊತ್ತಾಗಲಿ.