ಮದ್ದು ಬೇರೆ, ಕೇಪು ಬೇರೆ



ಶ್ರೀರಂಗಪಟ್ಟಣಕ್ಕೆ ಶಾಲಾ ಪ್ರವಾಸ ಹೋದವರು ಅಲ್ಲಿನ ಮದ್ದಿನಮನೆಗಳನ್ನು ನೋಡಿರುತ್ತೀರಿ. ಟಿಪ್ಪುವಿನ ಕಾಲದ ಈ ದಪ್ಪ ಗೋಡೆಯ ಕಟ್ಟಡಗಳನ್ನು ಅರ್ಧ ನೆಲದೊಳಗೆ ಇಳಿಸಿ ಕಟ್ಟಲಾಗಿದೆ. ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗಿದ್ದ ಒಂದು ಮದ್ದಿನಮನೆಯನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಪಕ್ಕಕ್ಕೆ ಸರಿಸಿ ಉಳಿಸಿಕೊಂಡ ಸುದ್ದಿಯನ್ನೂ ಓದಿರಬಹುದು. ಯುದ್ಧಕ್ಕೆ ಬೇಕಾದ ಸಿಡಿಮದ್ದನ್ನು ಬೆಂಕಿಯಿಂದ, ಜನರ ಓಡಾಟದಿಂದ, ಶತ್ರುವಿನ ಗುಂಡಿನಿಂದ ದೂರ ಇಡಲು ಕಟ್ಟಿದ ಮನೆಗಳು ಅವು.

ಗಣಿಗಳಲ್ಲಿಯೂ ಮದ್ದಿನಮನೆ ಇರುತ್ತದೆ. ಆದರೆ ಅಲ್ಲಿನ ತೊಡಕೇ ಬೇರೆ. ಕೋಟೆಯ ಮದ್ದನ್ನು ಜನರಿಂದ ದೂರ ಇಡಬಹುದು. ಗಣಿಯ ಮದ್ದು ಪ್ರತಿ ಪಾಳಿಯಲ್ಲೂ ಜನ ದುಡಿಯುವ ಜಾಗಕ್ಕೇ ಹೋಗಬೇಕು. ನೆಲದಡಿಯಲ್ಲಿ ಓಡಿಹೋಗಲು ಬಯಲಿಲ್ಲ. ಉಸಿರಾಡಲು ಮೇಲಿನಿಂದ ಕಳಿಸಿದ ಗಾಳಿ ಬಿಟ್ಟರೆ ಬೇರೆ ಗಾಳಿಯಿಲ್ಲ. ಬಂಡೆಯನ್ನು ಸೀಳಬಲ್ಲ ವಸ್ತುವನ್ನು ಮನುಷ್ಯನ ಪಕ್ಕದಲ್ಲೇ ಇಟ್ಟು, ಅವನು ಸಂಜೆ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಮನುಷ್ಯ ಉತ್ತರ ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು, ಬಹಳ ಜೀವಗಳೂ ಹೋದವು.

ಬೆಂಕಿಗೂ ಮದ್ದಿಗೂ ನಡುವೆ

ಗಣಿಯೊಳಗೆ ಸಿಡಿಮದ್ದು ಬಳಸಿದ ಮೊದಲ ದಾಖಲೆ 1627ರದು. ಇಂದಿನ ಸ್ಲೊವಾಕಿಯಾ ದೇಶದಲ್ಲಿರುವ ಬಾನ್‌ಸ್ಕಾ ಷ್ಟಿಯಾವ್ನಿಟ್ಸಾ ಎಂಬ ಊರಿನ ಬೆಳ್ಳಿ ಗಣಿಯಲ್ಲಿ ಕಾಸ್ಪರ್ ವೈಂಡ್ಲ್ ಎಂಬ ಗಣಿಗಾರ ಕರಿಮದ್ದಿನಿಂದ ಬಂಡೆ ಸಿಡಿಸಿದ. ಅದಕ್ಕೂ ಮೊದಲು ಉಳಿ, ಸುತ್ತಿಗೆ, ಬೆಂಕಿಯಿಂದ ಬಂಡೆ ಕಾಯಿಸಿ ಒಡೆಯುವುದು, ಇಷ್ಟೇ ದಾರಿ.

ಕರಿಮದ್ದಿಗೆ ಒಂದು ಕಿಡಿ ಸಾಕು. ಬಂಡೆಯಲ್ಲಿ ಕೊರೆದ ಕುಳಿಗೆ ಮದ್ದು ತುಂಬಿ ಕಬ್ಬಿಣದ ಸಲಾಕೆಯಿಂದ ಜಡಿಯುವಾಗಲೇ ಕಿಡಿ ಹಾರಿ ಸತ್ತವರುಂಟು. ಬೆಂಕಿ ಮುಟ್ಟಿಸಲು ಮದ್ದಿನ ಪುಡಿ ತುಂಬಿದ ಹುಲ್ಲಿನ ಕೊಳವೆಯನ್ನೋ ಹಕ್ಕಿಯ ಗರಿಯ ಬುಡವನ್ನೋ ಬಳಸುತ್ತಿದ್ದರು. ಅದು ಒಮ್ಮೆ ಸರ್ರನೆ ಉರಿಯುತ್ತಿತ್ತು, ಇನ್ನೊಮ್ಮೆ ನಿಧಾನವಾಗಿ ಹೊಗೆಯಾಡುತ್ತಿತ್ತು. ಆರಿಹೋಯಿತೆಂದು ತಿಳಿದು ನೋಡಲು ಬಂದವನ ಮುಖಕ್ಕೇ ಬಂಡೆ ಸಿಡಿಯುತ್ತಿತ್ತು.

ಇಂಗ್ಲೆಂಡಿನ ಕಾರ್ನ್‌ವಾಲ್ ತವರ ಮತ್ತು ತಾಮ್ರದ ಗಣಿಗಳ ನಾಡು. ಅಲ್ಲಿನ ಟಕಿಂಗ್‌ಮಿಲ್‌ನಲ್ಲಿದ್ದ ಚರ್ಮದ ವ್ಯಾಪಾರಿ ವಿಲಿಯಂ ಬಿಕ್‌ಫರ್ಡ್ ಈ ಸಾವುಗಳನ್ನು ಕಂಡು ಮರುಗಿದ. ಹಗ್ಗ ಹೊಸೆಯುವ ರೀತಿಯನ್ನೇ ಬಳಸಿ, ನೂಲಿನ ನಡುವೆ ಮದ್ದಿನ ಪುಡಿಯ ಎಳೆಯಿರುವ ಬತ್ತಿಯನ್ನು ರೂಪಿಸಿ 1831ರಲ್ಲಿ ಪೇಟೆಂಟ್ ಪಡೆದ. ಒಂದು ಅಡಿ ಬತ್ತಿ ಉರಿಯಲು ಸುಮಾರು ಅರ್ಧ ನಿಮಿಷ. ಬೆಂಕಿಗೂ ಮದ್ದಿಗೂ ನಡುವೆ ಮೊದಲ ಬಾರಿಗೆ ಲೆಕ್ಕವಿಟ್ಟ ಅಂತರ ಬಂತು. ಮುಂದಿನ ಕಥೆಯೆಲ್ಲ ಇಂಥ ಅಂತರಗಳ ಕಥೆಯೇ.

ನೊಬೆಲ್ ಮಾಡಿದ ವಿಂಗಡಣೆ

1847ರಲ್ಲಿ ಇಟಲಿಯ ಅಸ್ಕಾನಿಯೊ ಸೊಬ್ರೆರೊ ನೈಟ್ರೊಗ್ಲಿಸರಿನ್ ಎಂಬ ಎಣ್ಣೆಯಂಥ ದ್ರವವನ್ನು ತಯಾರಿಸಿದ. ಕರಿಮದ್ದಿನಲ್ಲಿ ಉರಿಯುವ ವಸ್ತು ಬೇರೆ, ಆಮ್ಲಜನಕ ಒದಗಿಸುವ ವಸ್ತು ಬೇರೆ. ಅವು ಪುಡಿಗಳ ಬೆರಕೆ. ನೈಟ್ರೊಗ್ಲಿಸರಿನ್‌ನಲ್ಲಿ ಎರಡೂ ಒಂದೇ ಅಣುವಿನೊಳಗೆ ಸೇರಿವೆ. ಆದ್ದರಿಂದ ಅದರ ಸ್ಫೋಟ ಬಹಳ ವೇಗವಾದದ್ದು, ಬಹಳ ಬಲವಾದದ್ದು. ಒಂದು ಕುಲುಕಿಗೂ ಸಿಡಿಯಬಲ್ಲ ಈ ದ್ರವವನ್ನು ಕಂಡು ಅದನ್ನು ತಯಾರಿಸಿದವನೇ ಬೆದರಿದ.

ಆಲ್ಫ್ರೆಡ್ ನೊಬೆಲ್ ಇದನ್ನು ವ್ಯಾಪಾರದ ಸರಕಾಗಿಸಲು ಹೊರಟ. 1864ರ ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಹೋಮಿನ ಹೆಲೆನೆಬೊರ್ಗ್‌ನಲ್ಲಿದ್ದ ಅವರ ಕಾರ್ಯಾಗಾರ ಸಿಡಿಯಿತು. ಸತ್ತವರಲ್ಲಿ ಅವನ ತಮ್ಮ ಎಮಿಲ್ ಕೂಡ ಇದ್ದ. ನಗರದೊಳಗೆ ಇಂಥ ಕೆಲಸ ಕೂಡದೆಂದು ಅಧಿಕಾರಿಗಳು ತಡೆದಾಗ, ನೊಬೆಲ್ ಸರೋವರದ ಮೇಲೆ ತೇಲುವ ದೋಣಿಯೊಂದರಲ್ಲಿ ಪ್ರಯೋಗ ಮುಂದುವರಿಸಿದ.

1867ರಲ್ಲಿ ಅವನು ಪೇಟೆಂಟ್ ಪಡೆದ ಡೈನಮೈಟ್ ನಿಮಗೆಲ್ಲ ಗೊತ್ತು. ನೈಟ್ರೊಗ್ಲಿಸರಿನ್ನನ್ನು ಕೀಸೆಲ್‌ಗುರ್ ಎಂಬ ಹಗುರವಾದ ಮಣ್ಣಿಗೆ ಹೀರಿಸಿ ಕಡ್ಡಿಯಾಗಿ ಸುತ್ತಿದ. ಆದರೆ ಅದಕ್ಕೂ ಮೊದಲು ಅವನು ರೂಪಿಸಿದ ಇನ್ನೊಂದು ಸಾಧನವನ್ನು ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಅದು ಕೇಪು, ಅಂದರೆ ಡಿಟೊನೇಟರ್: ಪಾದರಸದ ಫಲ್ಮಿನೇಟ್ ತುಂಬಿದ ಪುಟ್ಟ ಲೋಹದ ಕೊಳವೆ. ಈಗ ಇಡೀ ಅಪಾಯ ಎರಡು ಪಾಲಾಯಿತು. ತೋಟೆಯಲ್ಲಿ ಬಲ ಹೆಚ್ಚು, ಆದರೆ ಅದು ಸುಲಭಕ್ಕೆ ಎಚ್ಚರಗೊಳ್ಳದು. ಕೇಪಿನಲ್ಲಿ ಬಲ ಕಡಿಮೆ, ಆದರೆ ಅದು ಚಿಟಿಕೆಗೇ ಎಚ್ಚರಗೊಳ್ಳುತ್ತದೆ. ಮಲಗಿದವನನ್ನು ಎಬ್ಬಿಸುವವನು ಬೇರೆ ಕೋಣೆಯಲ್ಲಿರುವವರೆಗೆ ಮನೆ ಸುರಕ್ಷಿತ.

ಗಣಿಯ ಮದ್ದಿನಮನೆಯ ಮೊದಲ ನಿಯಮ ಹುಟ್ಟಿದ್ದು ಇಲ್ಲಿಂದ: ಮದ್ದು ಬೇರೆ, ಕೇಪು ಬೇರೆ. ಉಗ್ರಾಣದಲ್ಲಿ ಬೇರೆ ಕೋಣೆ, ಸಾಗಿಸುವಾಗ ಬೇರೆ ಪೆಟ್ಟಿಗೆ. ಎರಡೂ ಒಂದಾಗಬೇಕಾದದ್ದು ಬಂಡೆಯ ಕುಳಿಯ ಬಾಯಿಯಲ್ಲಿ, ಸಿಡಿಸುವ ಸ್ವಲ್ಪ ಮೊದಲು ಮಾತ್ರ.

ಕಾಯಿಸಿದರೆ ಕಷ್ಟ, ಕೂಡಿಟ್ಟರೆ ಕಷ್ಟ

ಡೈನಮೈಟ್ ಬಂದ ಮೇಲೂ ಸಾವು ನಿಲ್ಲಲಿಲ್ಲ. ನೈಟ್ರೊಗ್ಲಿಸರಿನ್ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗೆ ಗಟ್ಟಿಯಾಗುತ್ತದೆ. ಯೂರೋಪ್, ಅಮೆರಿಕಗಳ ಚಳಿಯಲ್ಲಿ ಹೆಪ್ಪುಗಟ್ಟಿದ ಕಡ್ಡಿಗಳನ್ನು ಒಲೆಯ ಪಕ್ಕದಲ್ಲಿಟ್ಟು ಕಾಯಿಸುತ್ತಿದ್ದ ಗಣಿಗಾರರು ಎಷ್ಟೋ ಮಂದಿ ಸತ್ತರು. ಬಿಸಿನೀರಿನ ಹೊದಿಕೆಯುಳ್ಳ ವಿಶೇಷ ಪಾತ್ರೆಗಳು ಬಂದದ್ದು ಆಮೇಲೆ. ಹಳೆಯ ಕಡ್ಡಿಗಳಿಂದ ಎಣ್ಣೆ ಬೆವರಿನಂತೆ ಜಿನುಗುವುದೂ ಉಂಟು. ಮೊದಲು ಬಂದದ್ದನ್ನು ಮೊದಲು ಕೊಡಬೇಕು, ಹಳೆಯದು ಮೂಲೆ ಸೇರಬಾರದು ಎಂಬ ನಿಯಮಕ್ಕೆ ಇದೇ ಕಾರಣ.

ಎರಡನೆಯ ತೊಂದರೆ ಪ್ರಮಾಣದ್ದು. ಒಂದೆರಡು ಕಡ್ಡಿಗೆ ಬೆಂಕಿ ತಗುಲಿದರೆ ಉರಿದುಹೋಗಬಹುದು. ಅದೇ ರಾಶಿಗೆ ತಗುಲಿದರೆ, ಉರಿಯ ಶಾಖ ಹೊರಹೋಗಲು ದಾರಿ ಸಾಲದೆ ಸ್ಫೋಟವಾಗುತ್ತದೆ. ಅಮೆರಿಕದ ಮೊಂಟಾನಾ ರಾಜ್ಯದ ತಾಮ್ರದ ಗಣಿಗಳ ಊರು ಬ್ಯೂಟ್. 1895ರ ಜನವರಿ 15ರ ರಾತ್ರಿ ಅಲ್ಲಿನ ಒಂದು ಉಗ್ರಾಣಕ್ಕೆ ಬೆಂಕಿ ಬಿತ್ತು. ಊರೊಳಗೆ ಇಡಬಾರದಷ್ಟು ಡೈನಮೈಟ್ ಅಲ್ಲಿತ್ತು. ಆರಿಸಲು ಧಾವಿಸಿದ ಅಗ್ನಿಶಾಮಕ ದಳವೇ ಬಹುಪಾಲು ನಾಶವಾಯಿತು. 50ಕ್ಕೂ ಹೆಚ್ಚು ಮಂದಿ ಸತ್ತರು. ಉಗ್ರಾಣದಲ್ಲಿ ಎಷ್ಟು ಇರಬಹುದೆಂಬ ಮಿತಿ, ಏನಿದೆಯೆಂದು ಬರೆದಿಡುವ ಪುಸ್ತಕ, ಇವುಗಳ ಬೆಲೆ ಏನೆಂದು ಇಂಥ ದುರಂತಗಳು ತೋರಿಸಿದವು. ಬ್ರಿಟನ್ನಿನಲ್ಲಿ 1875ರಲ್ಲಿಯೂ ಭಾರತದಲ್ಲಿ 1884ರಲ್ಲಿಯೂ ಸ್ಫೋಟಕಗಳ ಕಾಯ್ದೆ ಬಂದಿತ್ತು. ಆದರೆ ಕಾಯ್ದೆ ಕಾಗದದ ಮೇಲಿದ್ದರೆ ಮದ್ದು ಅದನ್ನು ಓದುವುದಿಲ್ಲ.

ನೆಲದಡಿಯ ಮದ್ದಿನಮನೆ

ಅಷ್ಟು ಅಪಾಯವಿದ್ದರೆ ಮದ್ದನ್ನು ನೆಲದ ಮೇಲೇ ಇಡಬಾರದೇಕೆ ಎಂದು ನೀವು ಕೇಳಬಹುದು. ದೊಡ್ಡ ದಾಸ್ತಾನು ಮೇಲೆಯೇ ಇರುತ್ತದೆ. ಆದರೆ ನಮ್ಮ ಕೋಲಾರದ ಚಿನ್ನದ ಗಣಿಯನ್ನೇ ನೆನೆಯಿರಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. ಬಿಕ್‌ಫರ್ಡ್ ಬತ್ತಿ ಹುಟ್ಟಿದ ಅದೇ ಕಾರ್ನ್‌ವಾಲಿನ ಗಣಿಗಾರರು ಅಲ್ಲಿಗೆ ಬಂದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ತಳದ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಅಷ್ಟು ಆಳದ ಗಣಿಗೆ ಪ್ರತಿ ಸಿಡಿತಕ್ಕೂ ಮೇಲಿನಿಂದ ಮದ್ದು ಇಳಿಸುತ್ತ ಹೋದರೆ, ಜನ ಓಡಾಡುವ ಬಾವಿಯಲ್ಲಿಯೇ ಅಪಾಯ ದಿನವಿಡೀ ಓಡಾಡಿದಂತೆ. ಆದ್ದರಿಂದ ಇಂಥ ಗಣಿಗಳಲ್ಲಿ ಅಪ್ಪಣೆ ಪಡೆದು, ಅಷ್ಟಿಷ್ಟು ದಾಸ್ತಾನನ್ನು ಕೆಳಗೇ ಇಡುವುದು ರೂಢಿ.

ಅಂಥ ಮದ್ದಿನಮನೆಯ ವಿನ್ಯಾಸವನ್ನು ಕಾಗದದ ಮೇಲೆ ಒಮ್ಮೆ ಬರೆದು ನೋಡಿ. ಇಳಿಬಾವಿ, ಪಂಪ್‌ಮನೆ, ಜನರ ಓಡಾಟದ ಸುರಂಗ, ಇವೆಲ್ಲದರಿಂದ ಅದು ದೂರ. ಒಳಹೋಗುವ ದಾರಿ ನೇರವಲ್ಲ. ಲಂಬಕೋನದಲ್ಲಿ ಒಮ್ಮೆ ತಿರುಗಿ, ಮತ್ತೊಮ್ಮೆ ತಿರುಗುತ್ತದೆ. ತಿರುವಿನ ಎದುರಿಗೆ ಬಂಡೆಯಲ್ಲಿ ಒಂದು ಕುರುಡು ಗೂಡು ಕೊರೆದಿರುತ್ತಾರೆ. ಸ್ಫೋಟದ ಅಲೆ ನೇರವಾಗಿ ನುಗ್ಗುವುದರಿಂದ, ಅದರ ರಭಸವೂ ಹಾರಿಬರುವ ಕಲ್ಲುಗಳೂ ಆ ಗೂಡಿಗೆ ಬಡಿದು ಕುಗ್ಗುತ್ತವೆ. ತೋಟೆಯ ಕೋಣೆಗೂ ಕೇಪಿನ ಕೋಣೆಗೂ ನಡುವೆ ಕೊರೆಯದೆ ಬಿಟ್ಟ ಬಂಡೆಯ ಗೋಡೆ.

ಇನ್ನು ಗಾಳಿಯ ವಿಷಯ. ಗಣಿಯೊಳಗೆ ಗಾಳಿ ಒಂದು ದಾರಿಯಿಂದ ಬಂದು, ಕೆಲಸದ ಜಾಗಗಳನ್ನು ಹಾದು, ಇನ್ನೊಂದು ದಾರಿಯಿಂದ ಹೊರಹೋಗುತ್ತದೆ. ಮದ್ದಿನಮನೆಯನ್ನು ಹಾದ ಗಾಳಿ ನೇರವಾಗಿ ಹೊರಹೋಗುವ ದಾರಿಗೇ ಸೇರಬೇಕು. ಏಕೆಂದರೆ ಸ್ಫೋಟಕಗಳು ಸಿಡಿದಾಗಲೂ ಉರಿದಾಗಲೂ ಕಾರ್ಬನ್ ಮಾನಾಕ್ಸೈಡ್ ಮತ್ತು ನೈಟ್ರೊಜನ್ನಿನ ಆಕ್ಸೈಡುಗಳು ಹೊಮ್ಮುತ್ತವೆ. ನೆಲದ ಮೇಲೆ ಗಾಳಿಗೆ ಚದುರಿಹೋಗುವ ಈ ವಿಷ, ಸುರಂಗದಲ್ಲಿ ಸಾಲಾಗಿ ಮುಂದೆ ಸಾಗಿ, ಸ್ಫೋಟದ ಸದ್ದೂ ಸರಿಯಾಗಿ ಕೇಳಿಸದಷ್ಟು ದೂರದಲ್ಲಿರುವವನನ್ನು ಕೊಲ್ಲಬಲ್ಲದು.

ಹಿತ್ತಾಳೆಯ ಉಳಿ

ಇಷ್ಟೆಲ್ಲ ನಿಯಮ ತಿಳಿದವರೂ ಎಡವಿದ ಒಂದು ಪ್ರಸಂಗ ಕೇಳಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆ ಸ್ಟಾಫರ್ಡ್‌ಷೈರಿನ ಫೌಲ್ಡ್ ಎಂಬಲ್ಲಿ ಹಳೆಯ ಜಿಪ್ಸಂ ಗಣಿಯನ್ನೇ ಬಾಂಬುಗಳ ಉಗ್ರಾಣ ಮಾಡಿಕೊಂಡಿತ್ತು. ಮೇಲಿನಿಂದ ಶತ್ರು ಎಷ್ಟೇ ಬಾಂಬು ಹಾಕಿದರೂ ತಾಗದ ಜಾಗ. 1944ರ ನವೆಂಬರ್ 27ರ ಬೆಳಿಗ್ಗೆ ಆ ಗಣಿ ಒಳಗಿನಿಂದಲೇ ಸಿಡಿಯಿತು. ಮೇಲಿದ್ದ ಒಂದು ಇಡೀ ತೋಟದ ಮನೆ ಮಾಯವಾಯಿತು. ಹತ್ತಿರದ ಜಲಾಶಯದ ಕಟ್ಟೆ ಒಡೆಯಿತು. ಸುಮಾರು 70 ಮಂದಿ ಸತ್ತರು. ಸುಮಾರು 30 ಮೀಟರ್ ಆಳದ ಗುಂಡಿ ಇಂದಿಗೂ ಅಲ್ಲಿದೆ. ಸಿಡಿಯದೆ ಹೂತುಹೋದ ಬಾಂಬುಗಳಿರುವುದರಿಂದ ಅದಕ್ಕೆ ಬೇಲಿ ಹಾಕಿದ್ದಾರೆ.

ವಿಚಾರಣೆ ಕಂಡುಕೊಂಡ ಬಹುಮಟ್ಟಿನ ಕಾರಣ ಇದು: ಮರಳಿ ಬಂದ ಬಾಂಬಿನಿಂದ ಅದನ್ನು ಸಿಡಿಸುವ ಭಾಗವನ್ನು ಉಗ್ರಾಣದೊಳಗೇ ಬಿಚ್ಚುತ್ತಿದ್ದರು. ಮರದ ಸಾಧನ ಬಳಸಬೇಕಾದ ಕಡೆ ಒಬ್ಬಾತ ಹಿತ್ತಾಳೆಯ ಉಳಿ ಬಳಸಿದ್ದ. ಉಳಿಯ ತಪ್ಪು ಎದ್ದು ಕಾಣುತ್ತದೆ. ಅದಕ್ಕಿಂತ ದೊಡ್ಡ ತಪ್ಪು, ಆ ಕೆಲಸವನ್ನು ಸಾವಿರಾರು ಟನ್ ಬಾಂಬುಗಳ ನಡುವೆ ಮಾಡಿದ್ದು. ಮಲಗಿದವನೂ ಎಬ್ಬಿಸುವವನೂ ಒಂದೇ ಕೋಣೆ ಸೇರಿದ್ದರು.

ಬೇರ್ಪಡಿಸುವ ಜಾಣ್ಮೆ

ಇತ್ತೀಚಿನ ದಶಕಗಳಲ್ಲಿ ಇದೇ ಸೂತ್ರ ಇನ್ನೂ ಮುಂದೆ ಹೋಗಿದೆ. 2004ರಿಂದ ಭಾರತದಲ್ಲಿ ನೈಟ್ರೊಗ್ಲಿಸರಿನ್ ಆಧಾರಿತ ಸ್ಫೋಟಕಗಳಿಗೆ ನಿಷೇಧವಿದೆ. ಪತ್ರಿಕೆಗಳು ಈಗಲೂ ಬರೆಯುವ ‘ಜಿಲೆಟಿನ್ ಕಡ್ಡಿ’ ಎಂಬ ಹೆಸರು ಆ ಹಳೆಯ ಸರಕಿನಿಂದ ಉಳಿದುಕೊಂಡದ್ದು. ಇಂದಿನ ಎಮಲ್ಷನ್ ಸ್ಫೋಟಕವನ್ನು ಟ್ಯಾಂಕರಿನಲ್ಲಿ ತರುವಾಗ ಅದು ಇನ್ನೂ ಸ್ಫೋಟಕವೇ ಆಗಿರುವುದಿಲ್ಲ. ಬಂಡೆಯ ಕುಳಿಗೆ ತುಂಬುವಾಗ ಅದರೊಳಗೆ ಸಣ್ಣ ಅನಿಲದ ಗುಳ್ಳೆಗಳು ಮೂಡುವಂತೆ ಮಾಡಿದ ಮೇಲೆಯೇ ಅದಕ್ಕೆ ಸಿಡಿಯುವ ಗುಣ ಬರುತ್ತದೆ. ಅಂದರೆ ಮದ್ದಿನಮನೆಯಲ್ಲಿ ಇಡಬೇಕಾದ ಮದ್ದೇ ಕಡಿಮೆಯಾಗುತ್ತದೆ.

ಆದರೂ 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನ ಕಲ್ಲುಕ್ವಾರಿ ಪ್ರದೇಶದಲ್ಲಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿಯಿತು. ಸುತ್ತಲಿನ ಊರುಗಳ ಜನ ಭೂಕಂಪವೆಂದು ಮನೆಯಿಂದ ಹೊರಗೆ ಓಡಿಬಂದರು. ಸುಮಾರು ಒಂದು ತಿಂಗಳ ನಂತರ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಇಂಥದೇ ಸ್ಫೋಟಕ್ಕೆ ಆರು ಮಂದಿ ಬಲಿಯಾದರು. ಇವು ನೆಲದಡಿಯ ಗಣಿಗಳಲ್ಲ, ತೆರೆದ ಕ್ವಾರಿಗಳು. ಆದರೆ ಮದ್ದಿಗೆ ಆ ಭೇದ ತಿಳಿಯದು.

ನಮ್ಮ ಕ್ಯಾಮೆರಾ ಸಿಡಿದದ್ದನ್ನು ತೋರಿಸಬಲ್ಲದು. ಸಿಡಿಯದೆ ಉಳಿದದ್ದನ್ನು ತೋರಿಸಲಾರದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ನೆಲದಡಿ ಇಂದೂ ಚಿನ್ನ ತೆಗೆಯುತ್ತಾರೆ, ಪಾಳಿ ಮುಗಿಸಿ ಜನ ಮೇಲೆ ಬರುತ್ತಾರೆ. ಅದು ಸುದ್ದಿಯಾಗುವುದಿಲ್ಲ. ಅದಕ್ಕಾಗಿಯೇ ಈ ಪುಟಗಳಲ್ಲಿ ಬರೆಯಬೇಕಾಯಿತು.

ನಾಳೆ ನಿಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಹೋದಾಗ ಕಪಾಟುಗಳನ್ನು ಗಮನಿಸಿ. ಪೊಟ್ಯಾಸಿಯಂ ಪರ್ಮಾಂಗನೇಟ್ ಒಂದು ಕಡೆ, ಗ್ಲಿಸರಿನ್ ಮತ್ತು ಸ್ಪಿರಿಟ್ಟು ಇನ್ನೊಂದು ಕಡೆ ಇವೆಯೇ? ಒಂದೇ ಹಲಗೆಯ ಮೇಲಿದ್ದರೆ ನಿಮ್ಮ ಉಪನ್ಯಾಸಕರಿಗೆ ತಿಳಿಸಿ. ಏಕೆ ಬೇರೆ ಇಡಬೇಕೆಂದು ಅವರು ಕೇಳಿದರೆ ಹೇಳಲು ನಿಮಗೀಗ ನಾಲ್ಕು ಶತಮಾನಗಳ ಕಾರಣ ಗೊತ್ತಿದೆ.